ಹನ್ನೊಂದು ಅಂಕಿ

ದೋಣಿಯಿಂದ ಇಳಿವಾಗ ಕೆಸರಿಗೆ ಬಿದ್ದು
ಸೊಹ್ರಾಬ್ ಸಿಕ್ದಾರ್ ಮಾಸ್ತರರ ಕನ್ನಡಕ
ಒಂದು ಕಣ್ಣು ಕಳಕೊಂಡಿತು.
ಹಾಗಾಗಿ ಈ ಸಲದ ಫಾರಂ ನನ್ನ ಪಾಲಿಗೆ.

ದಿಲ್ಲಿಯಿಂದ ಗುವಾಹಟಿ, ಅಲ್ಲಿಂದ ಬರ್ಪೇಟಾ,
ಆಮೇಲೆ ಡೀಸೆಲ್ ದೋಣಿಯಲ್ಲಿ
ಕೋಳಿಪಂಜರಗಳ ನಡುವೆ ಕೂತು ಬಂದ ಕಾಗದ.
ಮೇಲೊಂದು ಚಿತ್ರ: ಪೆನ್ಸಿಲ್ಲಿನ ಮೇಲೆ ಕೂತ ಹುಡುಗ, ಹುಡುಗಿ.
ನನಗದು ಯಾವಾಗಲೂ ದೋಣಿಯೇ.
ಹುಟ್ಟು ಎಲ್ಲಿ ಎಂದು ಹುಡುಕುತ್ತೇನೆ.

ಶಾಲೆಯ ಆವರಣ ಗೋಡೆ?
ಪಕ್ಕಾ. ಪಕ್ಕಾ ಆದರೆ ಮುರಿದದ್ದು. ಮುಳ್ಳುತಂತಿ. ಗಿಡದ ಬೇಲಿ. ಇತರೆ.
ಮೂಡಣಕ್ಕೆ ಬ್ರಹ್ಮಪುತ್ರ. ಪಡುವಣಕ್ಕೆ ಬ್ರಹ್ಮಪುತ್ರ.
ತೆಂಕಣಕ್ಕೂ ಅವನೇ.
ಬಡಗಣಕ್ಕೆ ಒಂದಿಷ್ಟು ಸಾಸಿವೆ, ಅದರಾಚೆ ಮತ್ತೆ ಅವನು.
ಇತರೆ ಎಂದು ಗುರುತು ಹಾಕಿದೆ.

ಸ್ಥಾಪನೆಯಾದ ವರ್ಷ?
ಯಾವ ಸಲದ್ದು?
ಮೊದಲ ಸಲ ಶಾಲೆ ಬಿಚ್ಚಿದಾಗ ನಾನು ಮೂರನೇ ತರಗತಿ.
ಮಾಸ್ತರರ ಗಡ್ಡ ಆಗ ಕಪ್ಪು.
ದಂಡೆ ರಾತ್ರಿಯಿಡೀ ತೋಪಿನ ಹಾಗೆ ಸದ್ದು ಮಾಡಿ ಕುಸಿಯುತ್ತಿತ್ತು.
ಗಂಡುಮಕ್ಕಳು ತಗಡು ಹೊತ್ತರು, ಬೆಂಚು ಹೊತ್ತರು.
ನಾವು ಕಿತ್ತ ಮೊಳೆಗಳನ್ನು ಎಣಿಸಿ ಮಡಿಲಿಗೆ ಕಟ್ಟಿಕೊಂಡೆವು.
ನನ್ನ ಕೂಡುವ ಲೆಕ್ಕ ಗಟ್ಟಿಯಾದದ್ದು ಆ ಮೊಳೆಗಳಿಂದ.
ಆಮೇಲೆ ಮೂರು ಸಲ ಬಿಚ್ಚಿದ್ದೇವೆ.
ಅದೇ ಶಾಲೆ. ಅದೇ ತಗಡು. ತೂತು ಮಾತ್ರ ಹೆಚ್ಚು.

ವಿಸ್ತರಣೆಗೆ ಜಾಗ ಇದೆಯೇ?
ಮಾಘದಲ್ಲಿ ಇದೆ, ಶ್ರಾವಣದಲ್ಲಿ ಇಲ್ಲ
ಎಂದು ಬರೆದರೆ ಕಂಪ್ಯೂಟರಿಗೆ ಹಿಡಿಸುವುದಿಲ್ಲವಂತೆ.
ಹೌದು ಅಥವಾ ಇಲ್ಲ, ಅಷ್ಟೇ.

ದಿಲ್ಲಿಯನ್ನು ಬೈಯಲಾರೆ.
ನನ್ನ ಮೊದಲ ಸಮವಸ್ತ್ರ ಅಲ್ಲಿಂದ ಬಂದದ್ದು,
ನೀಲಿ, ತೋಳು ಒಂದು ಗೇಣು ಉದ್ದ.
ಬೆಳೆಯುತ್ತೀ ಬಿಡು ಎಂದಿದ್ದಳು ಅವ್ವ. ಬೆಳೆದೆ.
ಈಗಲೂ ಅಕ್ಕಿ ಬರುತ್ತದೆ, ತಡವಾಗಿ.
ಪುಸ್ತಕ ಬರುತ್ತದೆ, ಅರ್ಧ ವರ್ಷ ಮುಗಿದ ಮೇಲೆ,
ಒಳಗೆ ಹೊಸ ವಾಸನೆ ಇಟ್ಟುಕೊಂಡು.

ಹದಿನಾಲ್ಕನೇ ಪುಟ: ಶಾಲೆ ಬಿಟ್ಟವರು.
ಹೆಸರು: ಆಲೆಯಾ ಖಾತುನ್. ಐದನೇ ತರಗತಿ.
ಭಾಗಾಕಾರದಲ್ಲಿ ಶೇಷ ಉಳಿದರೆ ಅಳುತ್ತಿದ್ದವಳು.
ಯಾರಿಗೂ ಸೇರದೆ ಉಳಿದದ್ದು ಎಲ್ಲಿಗೆ ಹೋಗುತ್ತೆ ಟೀಚರ್?
ಕಾರಣ?
ಒಂದು, ಮದುವೆ. ಎರಡು, ದುಡಿಮೆ. ಮೂರು, ಮರಣ.
ನಾಲ್ಕು, ಬೇರೆ ಶಾಲೆಗೆ ಸೇರ್ಪಡೆ. ಐದು, ಆಸಕ್ತಿಯಿಲ್ಲ.
ನೆಲ ಹೋಯಿತು ಎಂಬುದಕ್ಕೆ ಸಂಖ್ಯೆ ಇಲ್ಲ.
ಅವರ ಮನೆ ಹೋದದ್ದು ನಡುರಾತ್ರಿ, ಒಲೆಯ ಸಮೇತ.
ಮೇಲ್ದಂಡೆಯ ಇಟ್ಟಿಗೆ ಗೂಡಿಗೆ ಹೋದರೆಂದು ಒಬ್ಬರು,
ಕಲ್ಲಿದ್ದಲ ಸೀಮೆಗೆ ಎಂದು ಇನ್ನೊಬ್ಬರು.
ಪೆನ್ನು ಎರಡರ ಮೇಲೆ ನಿಂತಿತು.
ನಾಲ್ಕು ಎಂದು ಬರೆದೆ.
ಮಾಸ್ತರರು ಒಂಟಿ ಗಾಜಿನಿಂದ ನೋಡಿದರು,
ಏನೂ ಅನ್ನಲಿಲ್ಲ. ಬೀಡಿ ಹಚ್ಚಲು ಹೊರಗೆ ಹೋದರು.

ಶಾಲೆ ಇರುವ ತಾಣಕ್ಕೆ ಫೋನು ಎತ್ತಿ ಹಿಡಿಯಬೇಕು.
ಬೆಂಚಿನ ಮೇಲೆ ನಿಂತು ಹಿಡಿದೆ.
ಕೆಂಪು ಚುಕ್ಕಿ ಅಲೆದಲೆದು
ನೀಲಿಯ ನಟ್ಟನಡುವೆ ಬಂದು ನಿಂತಿತು.
ಇದು ಸರಿಯೇ, ಕೇಳಿತು.
ನಕ್ಷೆ ಹೋದ ವರ್ಷದ್ದಿರಬೇಕು,
ಇಲ್ಲವೇ ಬರುವ ವರ್ಷದ್ದು.
ಸರಿ ಎಂದೆ.

ಬಾಗಿಲ ತಗಡಿನ ಮೇಲೆ ಶಾಲೆಯ ಸಂಖ್ಯೆ ಇದೆ, ಹನ್ನೊಂದು ಅಂಕಿ.
ದಿಬ್ಬ ಬದಲಾದರೂ ಅದು ಬದಲಾಗಿಲ್ಲ.
ಮಗ್ಗಿ ಮುಗಿದ ಮೇಲೆ ಮಕ್ಕಳು ಅದನ್ನೂ ಒಪ್ಪಿಸುತ್ತಾರೆ,
ಯಾರೂ ಹೇಳಿಕೊಟ್ಟದ್ದಲ್ಲ:
ಒಂದು, ಎಂಟು, ಸೊನ್ನೆ...
ಎಲ್ಲೋ ಗೂಡಿನ ಬಳಿ ಯಾರಾದರೂ
ನಿನ್ನ ಶಾಲೆ ಯಾವುದು ಅಂತ ಕೇಳಿದರೆ
ಆಲೆಯಾ ಊರಿನ ಹೆಸರು ಹೇಳಲಾರಳು.
ಇದನ್ನು ಹೇಳಿಯಾಳು. ಕೇಳಬೇಕು ಅಷ್ಟೆ.

ಫಾರಮ್ಮನ್ನು ಅಕ್ಕಿಚೀಲದಲ್ಲಿ ಸುತ್ತಿ ಅಂಬಿಗನಿಗೆ ಕೊಟ್ಟೆ.
ಮಾಸ್ತರರು ಮೊಳೆಯ ಡಬ್ಬಿ ಅಲ್ಲಾಡಿಸಿ ಕಿವಿಗೆ ಹಿಡಿದರು.
ಸಾಲದು, ಇನ್ನೂರಾದರೂ ಬೇಕು, ಎಂದರು.
ದೋಣಿ ಆಗಲೇ ದೂರ ಹೋಗಿತ್ತು.
ಹೇಗೂ ಮೊಳೆಗೆ ಅದರಲ್ಲಿ ಕಾಲಂ ಇರಲಿಲ್ಲ.